ತಲೆಯಾಡಿಸಿ ಆಡುವ ಆಟ: ಪಡಸಾಲೆಯಲ್ಲಿ ಅದಕ್ಕೆ ನೆಲೆಯುಂಟೆ?

ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡತಕ್ಕ ಯಂತ್ರಗಳು ಈಗ ಅನೇಕ ಸಂಸಾರಗಳಲ್ಲಿ ಕಾಣಬರುವ ವಸ್ತುಗಳಾಗಿವೆ. ಅವಕ್ಕೆ ರೂಢಿಯಲ್ಲಿ ಕನ್ಸೋಲ್ ಎಂದು ಹೆಸರು. ಎದುರಿಗೊಂದು ಪರದೆ, ಎರಡು ಕೈಗಳಲ್ಲಿ ಹಿಡಿಯುವ ಕಂಟ್ರೋಲರ್ ಎಂಬ ಹಿಡಿಕೆ. ಆಟದ ಸಲಕರಣೆ ಇಷ್ಟೇ. ಹಿಡಿಕೆಯ ಬಲಗಡೆಯ ಚಿಕ್ಕ ಕಡ್ಡಿಯನ್ನು ಹೆಬ್ಬೆರಳಿನಿಂದ ತಳ್ಳಿದರೆ ಆಟದೊಳಗಿನ ನೋಟವು ಆ ಕಡೆಗೆ ತಿರುಗುವುದು. ಆದರೆ ಮನುಷ್ಯನು ಲೋಕವನ್ನು ನೋಡುವುದು ಹೆಬ್ಬೆರಳಿನಿಂದಲ್ಲವಷ್ಟೆ! ಪಕ್ಕದಲ್ಲಿ ಸದ್ದಾದರೆ ತಲೆ ತಾನಾಗಿ ತಿರುಗುವುದು. ಗೋಡೆಯ ಮರೆಯಲ್ಲಿ ಏನಿದೆಯೆಂದು ತಿಳಿಯಬೇಕಾದರೆ ಕತ್ತು ತಾನಾಗಿ ನೀಳುವುದು. ಈ ಸಹಜವಾದ ಚಲನೆಯನ್ನೇ ಯಂತ್ರವು ಗುರುತಿಸಿ, ಅದಕ್ಕೆ ತಕ್ಕಂತೆ ಪರದೆಯ ಮೇಲಿನ ನೋಟವನ್ನು ತಿರುಗಿಸುವುದಾದರೆ ಆಟವು ಎಷ್ಟು ಸ್ವಾಭಾವಿಕವಾಗಬಹುದು! ಈ ಆಸೆಯಿಂದ ಹುಟ್ಟಿದುವೇ ತಲೆಯ ಜಾಡು ಹಿಡಿಯುವ ಉಪಕರಣಗಳು.

ಮೂವತ್ತು ವರ್ಷಗಳಿಗೂ ಮಿಕ್ಕಿ ಇಂತಹ ಉಪಕರಣಗಳನ್ನು ಮನೆಗಳಿಗೆ ತರಲು ಜಪಾನ್ ಮತ್ತು ಅಮೆರಿಕ ದೇಶಗಳ ದೊಡ್ಡ ಕಂಪೆನಿಗಳು ಪ್ರಯತ್ನಪಟ್ಟಿವೆ. ಫಲವಾದರೋ ಪ್ರಯತ್ನಕ್ಕೆ ತಕ್ಕಷ್ಟಾಗಿಲ್ಲ. ಇದಕ್ಕೆ ಕಾರಣವೇನು? ಮುಂದಾದರೂ ಇವು ಪಡಸಾಲೆಯಲ್ಲಿ ನೆಲೆಗೊಳ್ಳಬಲ್ಲುವೆ? ಮಕ್ಕಳ ಒತ್ತಾಯಕ್ಕೆ ಕಟ್ಟುಬಿದ್ದು ಹಣ ತೆರಬೇಕಾದ ಗೃಹಸ್ಥರಿಗೆ ಈ ವಿಚಾರವು ಉಪಯುಕ್ತವಾದೀತೆಂದು ನಾವು ನಂಬುತ್ತೇವೆ.

ಮೊದಲು ಈ ಉಪಕರಣದ ಕೆಲಸದ ರೀತಿಯನ್ನು ತಿಳಿಯೋಣ. ಅಮೆರಿಕದ ಆರೆಗಾನ್ ಪ್ರಾಂತ್ಯದ ನ್ಯಾಚುರಲ್‌ಪಾಯಿಂಟ್ ಎಂಬ ಕಂಪೆನಿಯು ೨೦೦೧ರಲ್ಲಿ ಟ್ರ್ಯಾಕ್‌ಐಆರ್ ಎಂಬ ಸಾಧನವನ್ನು ಮಾರಾಟಕ್ಕೆ ತಂದಿತು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಣ್ಣ ಕ್ಯಾಮೆರಾ ಕೂರುವುದು. ಆಡುವವನ ಟೋಪಿಗೆ ಹೊಳೆಯುವ ಬಿಲ್ಲೆಗಳನ್ನು ಸಿಕ್ಕಿಸಲಾಗುವುದು. ಕ್ಯಾಮೆರಾವು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣಗಳನ್ನು ಬೀರಿ, ಬಿಲ್ಲೆಗಳಿಂದ ಮರಳುವ ಬೆಳಕನ್ನು ನೋಡಿ, ತಲೆ ಎತ್ತ ತಿರುಗಿತು, ಎಷ್ಟು ಬಾಗಿತು ಎಂಬುದನ್ನು ಲೆಕ್ಕ ಹಾಕುವುದು. ೨೦೦೯ರಲ್ಲಿ ಬಂದ ಇದರ ಐದನೆಯ ಮಾದರಿಯು ಸೆಕೆಂಡಿಗೆ ೧೨೦ ಬಾರಿ ಹೀಗೆ ನೋಡಬಲ್ಲುದು. ವಿಮಾನ ಹಾರಿಸುವ ಆಟಗಳನ್ನು ಆಡುವವರು ಇದನ್ನು ಬಹುವಾಗಿ ಮೆಚ್ಚಿಕೊಂಡರು. ಅವರ ಎರಡು ಕೈಗಳೂ ವಿಮಾನದ ಸನ್ನೆಗೋಲುಗಳ ಮೇಲಿರುವುವು; ರೆಕ್ಕೆಯ ಕಡೆಗೆ ನೋಡಲು ಮೂರನೆಯ ಕೈಯನ್ನು ಎಲ್ಲಿಂದ ತರಬೇಕು? ಆ ಕೊರತೆಯನ್ನು ತಲೆಯು ತುಂಬಿಕೊಟ್ಟಿತು. ಹೀಗೆ ಕಂಪ್ಯೂಟರಿನ ಮೇಜಿನ ಮುಂದೆ ಈ ಸಾಧನವು ಚಿಕ್ಕದಾದರೂ ಭದ್ರವಾದ ಸ್ಥಾನವನ್ನು ಸಂಪಾದಿಸಿತು.

ಪಡಸಾಲೆಯ ಕಥೆ ಬೇರೆ. ಸೆಗಾ ಎಂಬ ಜಪಾನಿನ ಕಂಪೆನಿಯು ತನ್ನ ಕನ್ಸೋಲಿಗಾಗಿ ತಲೆಗೆ ಧರಿಸುವ, ತಲೆಯ ತಿರುವನ್ನು ಅರಿಯುವ ಒಂದು ಮುಖವಾಡವನ್ನು ೧೯೯೩ರಲ್ಲಿ ಪ್ರದರ್ಶಿಸಿತು. ಆದರೆ ಅದು ಅಂಗಡಿಗೆ ಬರಲೇ ಇಲ್ಲ. ಅನಂತರ ನಿಂಟೆಂಡೊ ಕಂಪೆನಿಯ ವೀ ಎಂಬ ಕನ್ಸೋಲು ೨೦೦೬ರಲ್ಲಿ ಹೊರಬಂದು ಹತ್ತು ಕೋಟಿಗೂ ಮೀರಿ ಮಾರಾಟವಾಯಿತು. ಅದರ ಕೈಹಿಡಿಕೆಯ ತುದಿಯಲ್ಲಿ ಒಂದು ಇನ್ಫ್ರಾರೆಡ್ ಕ್ಯಾಮೆರಾ, ಟೆಲಿವಿಷನ್ನಿನ ಬಳಿ ಎರಡು ಕಡೆ ಇನ್ಫ್ರಾರೆಡ್ ದೀಪಗಳು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾನಿ ಚುಂಗ್ ಲೀ ಎಂಬ ತರುಣನು ೨೦೦೭ರ ಡಿಸೆಂಬರಿನಲ್ಲಿ ಈ ಏರ್ಪಾಟನ್ನು ತಿರುವುಮುರುವು ಮಾಡಿದನು: ದೀಪಗಳನ್ನು ತನ್ನ ಕನ್ನಡಕಕ್ಕೆ ಕಟ್ಟಿದನು, ಹಿಡಿಕೆಯನ್ನು ಪರದೆಯ ಬಳಿ ಇಟ್ಟನು. ಆಗ ಅವನ ತಲೆ ಅತ್ತಿತ್ತ ಸರಿದಂತೆಲ್ಲ ಪರದೆಯ ಚಿತ್ರವೂ ಬದಲಾಗಿ, ಪರದೆಯೇ ಒಂದು ಕಿಟಕಿಯೋ ಎಂಬಂತೆ ಅದರಾಚೆಗಿನ ವಸ್ತುಗಳು ಆಳವಾಗಿ ಕಾಣಿಸಿದುವು. ಈ ಚಲಚ್ಚಿತ್ರವನ್ನು ಲಕ್ಷಾಂತರ ಜನರು ನೋಡಿ ಬೆರಗಾದರು. ಬೆಲೆಯಾದರೋ ಅತ್ಯಲ್ಪ. ಇನ್ನೇನು, ಮನೆಮನೆಯಲ್ಲಿಯೂ ಇಂಥ ಆಟಗಳು ಬರುವುವೆಂದು ಅನೇಕರು ಎಣಿಸಿದರು.

ಬಂದುದು ಬೇರೆ ರೂಪದಲ್ಲಿ. ಸೋನಿ ಕಂಪೆನಿಯ ಪ್ಲೇಸ್ಟೇಷನ್ ೩ ಎಂಬ ಯಂತ್ರಕ್ಕಾಗಿ ೨೦೧೦ರಲ್ಲಿ ಬಂದ ಗ್ರಾನ್ ಟುರಿಸ್ಮೊ ೫ ಎಂಬ ಮೋಟಾರು ಪಂದ್ಯದ ಆಟವು, ಕ್ಯಾಮೆರಾದ ಮೂಲಕ ಆಡುವವನ ಮುಖವನ್ನು ನೋಡಿ ನೋಟವನ್ನು ತಿರುಗಿಸುವ ಅನುಕೂಲವನ್ನು ಆಟದ ಒಂದು ಭಾಗದಲ್ಲಿ ಒದಗಿಸಿತು. ಅದೇ ವರ್ಷ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ತನ್ನ ಎಕ್ಸ್‌ಬಾಕ್ಸ್ ೩೬೦ ಯಂತ್ರಕ್ಕೆ ಕಿನೆಕ್ಟ್ ಎಂಬ ಕ್ಯಾಮೆರಾವನ್ನು ೧೫೦ ಡಾಲರುಗಳಿಗೆ ಮಾರಿತು. ಮೊದಲ ೬೦ ದಿವಸಗಳಲ್ಲಿ ಅದು ೮೦ ಲಕ್ಷ ಮಾರಾಟವಾದುದು ಒಂದು ದಾಖಲೆಯೇ ಆಯಿತು. ೨೦೧೧ರ ಫೋರ್ಜಾ ಮೋಟಾರ್‌ಸ್ಪೋರ್ಟ್ ೪ ಎಂಬ ಆಟದಲ್ಲಿ, ರಸ್ತೆ ತಿರುಗುವಲ್ಲಿ ಆಡುವವನು ತಲೆ ತಿರುಗಿಸಿದರೆ ಕಿನೆಕ್ಟ್ ಅದನ್ನು ಗುರುತಿಸಿ ಕಾರಿನ ಪಕ್ಕದ ನೋಟವನ್ನು ತೋರಿಸುತ್ತಿತ್ತು. ಉಪಕರಣವಿತ್ತು, ಆಟವಿತ್ತು, ಕೊಳ್ಳುವ ಜನರೂ ಇದ್ದರು. ಆದರೂ ತಲೆಯಿಂದ ನೋಡುವ ಅಭ್ಯಾಸವು ಆಟಗಾರರಲ್ಲಿ ಬೇರೂರಲಿಲ್ಲ. ಇದೇಕೆ ಹೀಗೆ?

ಮೊದಲನೆಯ ಕಾರಣವು ಬರಿಯ ರೇಖಾಗಣಿತ. ಮೇಜಿನ ಮೇಲಿನ ೨೪ ಅಂಗುಲದ ಪರದೆಯ ಮುಂದೆ ಎರಡು ಅಡಿ ದೂರದಲ್ಲಿ ಕೂತವನಿಗೆ ಆ ಪರದೆಯು ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಸುಮಾರು ೪೭ ಡಿಗ್ರಿಗಳಷ್ಟು ಹರಡಿರುವುದು. ಪಡಸಾಲೆಯಲ್ಲಿ ೪೦ ಅಂಗುಲದ ಟೆಲಿವಿಷನ್ನಿನಿಂದ ಎಂಟು ಅಡಿ ದೂರ ಕೂತವನಿಗೆ ಅದರ ಹರವು ಸುಮಾರು ೨೦ ಡಿಗ್ರಿ ಮಾತ್ರ. ಎಂದರೆ ಮಧ್ಯದಿಂದ ಹತ್ತು ಡಿಗ್ರಿ ತಿರುಗುವಷ್ಟರಲ್ಲಿ ಮೂಗು ಪರದೆಯ ಅಂಚಿಗೆ ಬಂದಾಯಿತು. ಇನ್ನೂ ತಿರುಗಿದರೆ ತಲೆಯೊಂದು ಕಡೆ, ಕಣ್ಣೊಂದು ಕಡೆ. ಎಡಕ್ಕೆ ತಿರುಗಿದ ಮುಖದಿಂದ ಓರೆಗಣ್ಣಿನಲ್ಲಿ ಬಲಕ್ಕೆ ನೋಡಬೇಕು. ಆದುದರಿಂದ ತಲೆಯ ಸಣ್ಣ ತಿರುವನ್ನು ಯಂತ್ರವು ಹಲವು ಪಾಲು ಹೆಚ್ಚಿಸಿ ತೋರಿಸಲೇಬೇಕಾಗುವುದು. ಹಾಗೆ ಹೆಚ್ಚಿಸಿದಾಗ ಕೆಮ್ಮಿದರೂ ಸೀನಿದರೂ ನೋಟವು ಹೊಯ್ದಾಡುವುದು. ಸಹಜವೆಂದು ಹೊಗಳಿಸಿಕೊಂಡ ಚಲನೆಯು ಕಲಿತು ರೂಢಿಮಾಡಬೇಕಾದ ವಿದ್ಯೆಯಾಗುವುದು.

ಎರಡನೆಯದು ಕ್ಯಾಮೆರಾದ ಶಕ್ತಿ. ಕಿನೆಕ್ಟಿನ ಚಿತ್ರವು ಅಡ್ಡಲಾಗಿ ೬೪೦ ಚುಕ್ಕೆಗಳದು. ಅದು ಸೆಕೆಂಡಿಗೆ ೩೦ ಚಿತ್ರಗಳನ್ನು ತೆಗೆಯುತ್ತಿತ್ತು. ಇಡೀ ಕೋಣೆಯನ್ನು ನೋಡಬೇಕಾದ ಆ ಕಣ್ಣಿಗೆ ಎಂಟು ಅಡಿ ದೂರದ ಮುಖವು ನಲವತ್ತು ಚುಕ್ಕೆಗಳಷ್ಟೂ ಅಗಲವಾಗಿರದು. ಅಷ್ಟರಲ್ಲಿಯೇ ಕೆಲವು ಡಿಗ್ರಿಗಳ ತಿರುವನ್ನು ಕಂಡುಹಿಡಿಯಬೇಕು. ಎರಡು ಚಿತ್ರಗಳ ನಡುವಣ ಅಂತರವೇ ಸೆಕೆಂಡಿನ ಮೂವತ್ತನೆಯ ಒಂದು ಪಾಲು. ಅದರ ಮೇಲೆ ಲೆಕ್ಕ ಹಾಕುವ ಹೊತ್ತು ಬೇರೆ. ತಲೆ ತಿರುಗಿದ ಮೇಲೆ ನೋಟವು ತಡವಾಗಿ ಹಿಂಬಾಲಿಸಿದರೆ ಆಡುವವನಿಗೆ ಹಿತವಾಗುವುದಿಲ್ಲ. ಹೆಬ್ಬೆರಳಿನ ಕಡ್ಡಿಯಾದರೋ ಅಲುಗಿದ ಕ್ಷಣವೇ ಕೆಲಸ ಮಾಡುವುದು, ಹಿಡಿಕೆಯ ಜೊತೆಯಲ್ಲಿಯೇ ಪುಕ್ಕಟೆಯಾಗಿ ಬಂದಿರುವುದು. ಇರುವ ಸೇವಕನು ಚುರುಕಾಗಿರುವಾಗ ಸಂಬಳ ಕೊಟ್ಟು ಸೋಮಾರಿಯನ್ನು ಯಾರು ನೇಮಿಸಿಕೊಳ್ಳುವರು?

ಮೂರನೆಯ ಕಾರಣವನ್ನು ಗೃಹಸ್ಥರು ಚೆನ್ನಾಗಿ ಬಲ್ಲರು. ಪಡಸಾಲೆಯು ಒಬ್ಬನ ಸ್ವತ್ತಲ್ಲ. ಅಣ್ಣ ಆಡುವಾಗ ತಂಗಿ ನೋಡುವಳು. ತಾಯಿ ಅಡ್ಡ ಹಾದುಹೋಗುವಳು. ಅಜ್ಜ ಪಕ್ಕದಲ್ಲಿ ಕೂತಿರುವನು. ಕಿಟಕಿಯಂತೆ ಕಾಣಿಸುವ ಆ ಚಮತ್ಕಾರವು ಯಾವನ ತಲೆಯನ್ನು ಯಂತ್ರವು ಹಿಂಬಾಲಿಸುವುದೋ ಅವನೊಬ್ಬನಿಗೆ ಮಾತ್ರ ಸರಿಯಾಗಿ ಕಾಣುವುದು. ಮಿಕ್ಕವರಿಗೆ ಚಿತ್ರವು ಕಾರಣವಿಲ್ಲದೆ ಸೊಟ್ಟಾಗಿ ಓಲಾಡುವುದು. ಒಟ್ಟಿಗೆ ಕೂತು ನೋಡುವುದಕ್ಕೆಂದು ಇಟ್ಟ ಪರದೆಯನ್ನು ಇದು ಒಬ್ಬನ ಕನ್ನಡಕವನ್ನಾಗಿ ಮಾಡಿಬಿಡುವುದು.

ನಾಲ್ಕನೆಯದು ವ್ಯಾಪಾರದ ತೊಡಕು. ಉಪಕರಣವನ್ನು ಬಹುಜನರು ಕೊಳ್ಳದ ಹೊರತು ಅದಕ್ಕಾಗಿ ಒಳ್ಳೆಯ ಆಟವನ್ನು ಯಾರೂ ರಚಿಸರು. ಒಳ್ಳೆಯ ಆಟವಿಲ್ಲದ ಹೊರತು ಉಪಕರಣವನ್ನು ಯಾರೂ ಕೊಳ್ಳರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ಇಲ್ಲಿಗೆ ಸರಿಯಾಗಿ ಸಲ್ಲುವುದು. ಈ ಗಂಟನ್ನು ಕತ್ತರಿಸಬೇಕೆಂದೇ ಮೈಕ್ರೋಸಾಫ್ಟ್ ಕಂಪೆನಿಯು ೨೦೧೩ರ ನವೆಂಬರಿನಲ್ಲಿ ತನ್ನ ಹೊಸ ಎಕ್ಸ್‌ಬಾಕ್ಸ್ ಒನ್ ಯಂತ್ರದೊಡನೆ ಕಿನೆಕ್ಟನ್ನು ಕಡ್ಡಾಯವಾಗಿ ಸೇರಿಸಿ ೪೯೯ ಡಾಲರುಗಳ ಬೆಲೆಯಿಟ್ಟಿತು. ಎದುರಾಳಿಯಾದ ಸೋನಿಯ ಪ್ಲೇಸ್ಟೇಷನ್ ೪ರ ಬೆಲೆ ೩೯೯ ಡಾಲರು. ಕೊಳ್ಳುವವರು ನೂರು ಡಾಲರುಗಳ ವ್ಯತ್ಯಾಸವನ್ನು ಮರೆಯಲಿಲ್ಲ. ೨೦೧೪ರ ಜೂನಿನಲ್ಲಿ ಕಿನೆಕ್ಟಿಲ್ಲದ ಯಂತ್ರವನ್ನು ೩೯೯ ಡಾಲರುಗಳಿಗೆ ಮಾರಬೇಕಾಯಿತು. ೨೦೧೭ರಲ್ಲಿ ಕಿನೆಕ್ಟಿನ ತಯಾರಿಕೆಯೇ ನಿಂತಿತು. ಬಲವಂತದಿಂದ ಮನೆಗೆ ಬಂದ ಅತಿಥಿಗೆ ಬಹುಕಾಲ ಎಲೆ ಹಾಕುವರಿಲ್ಲ.

ಹಾಗಾದರೆ ಇಂತಹ ಯಾವ ಜೋಡಿ ಉಪಕರಣವೂ ಮನೆಯಲ್ಲಿ ಗೆಲ್ಲಲಾರದೆ? ಹಾಗೆನ್ನುವುದು ತಪ್ಪು. ಅದೇ ವೀ ಯಂತ್ರಕ್ಕೆ ೨೦೦೭ರಲ್ಲಿ ಜಪಾನಿನಲ್ಲಿ ಬಂದ ಮೆಟ್ಟುಹಲಗೆಯನ್ನು ನೋಡಿರಿ. ಅದರ ಮೇಲೆ ನಿಂತರೆ ದೇಹದ ತೂಕವೂ ಸಮತೋಲನವೂ ತಿಳಿಯುವುವು. ಅದರೊಡನೆಯೇ ವೀ ಫಿಟ್ ಎಂಬ ವ್ಯಾಯಾಮದ ಆಟವನ್ನು ಸೇರಿಸಿ ಮಾರಿದರು. ಎರಡು ಕೋಟಿಗೂ ಮೀರಿ ಅದು ಖರ್ಚಾಯಿತು. ಹಲಗೆಯನ್ನು ಏಕೆ ಕೊಳ್ಳಬೇಕೆಂಬ ಪ್ರಶ್ನೆಗೆ ಪೆಟ್ಟಿಗೆಯೊಳಗೇ ಉತ್ತರವಿತ್ತು. ಆರೋಗ್ಯದ ಚಿಂತೆ ತಾಯಿತಂದೆಯರಿಗೂ ಇತ್ತು. ತಲೆಯ ಜಾಡಿನ ಉಪಕರಣಕ್ಕೆ ಅಂಥ ಸ್ವಂತ ಉತ್ತರವು ದೊರೆಯಲಿಲ್ಲ. ಅದು ಇದ್ದ ಆಟಕ್ಕೆ ಹಾಕಿದ ಒಗ್ಗರಣೆಯಾಯಿತೇ ಹೊರತು ಊಟವಾಗಲಿಲ್ಲ.

ಅದಕ್ಕೆ ಊಟದ ಯೋಗ್ಯತೆ ಬಂದುದು ಪರದೆಯೇ ತಲೆಯನ್ನೇರಿದಾಗ. ಸೋನಿಯು ೨೦೧೬ರ ಅಕ್ಟೋಬರಿನಲ್ಲಿ ಪ್ಲೇಸ್ಟೇಷನ್ ವಿಆರ್ ಎಂಬ ಮುಖವಾಡವನ್ನು ೩೯೯ ಡಾಲರುಗಳಿಗೆ ಹೊರತಂದಿತು. ಕಣ್ಣುಗಳ ಮುಂದೆಯೇ ಪರದೆ. ತಲೆ ಎತ್ತ ತಿರುಗಿದರೂ ಪರದೆಯೂ ಅತ್ತ ಬರುವುದು. ಆದುದರಿಂದ ರೇಖಾಗಣಿತದ ಕಷ್ಟವೇ ಇಲ್ಲ. ಇಲ್ಲಿ ತಲೆಯ ಜಾಡು ಹಿಡಿಯುವುದು ಅಲಂಕಾರವಲ್ಲ, ಪ್ರಾಣ. ಅದಿಲ್ಲದಿದ್ದರೆ ಆಟವೇ ಇಲ್ಲ. ೨೦೧೯ರ ಕೊನೆಗೆ ಇಂತಹ ೫೦ ಲಕ್ಷ ಮುಖವಾಡಗಳು ಮಾರಾಟವಾಗಿದ್ದುವು. ದೊಡ್ಡ ಸಂಖ್ಯೆಯೇ ಸರಿ. ಆದರೆ ಅಷ್ಟರಲ್ಲಿ ಪ್ಲೇಸ್ಟೇಷನ್ ೪ ಯಂತ್ರಗಳು ಹತ್ತು ಕೋಟಿಯನ್ನು ದಾಟಿದ್ದುವು. ಎಂದರೆ ಇಪ್ಪತ್ತು ಮನೆಗಳಲ್ಲಿ ಒಂದಕ್ಕೂ ಕಡಮೆ. ೨೦೨೩ರ ಫೆಬ್ರುವರಿಯಲ್ಲಿ ಬಂದ ಇದರ ಎರಡನೆಯ ಮಾದರಿಗೆ ೫೫೦ ಡಾಲರು ಬೆಲೆ. ಅದನ್ನು ಜೋಡಿಸಬೇಕಾದ ಪ್ಲೇಸ್ಟೇಷನ್ ೫ ಯಂತ್ರಕ್ಕೆ ಆಗ ಇದ್ದ ೪೯೯ ಡಾಲರುಗಳ ಬೆಲೆಗಿಂತಲೂ ಹೆಚ್ಚು! ೨೦೨೫ರ ಮಾರ್ಚಿನಲ್ಲಿ ಅದನ್ನು ೪೦೦ ಡಾಲರುಗಳಿಗೆ ಇಳಿಸಲಾಯಿತು. ಇದರ ಮೇಲೆ ಕೆಲವರಿಗೆ ಇದನ್ನು ಧರಿಸಿದರೆ ತಲೆಸುತ್ತು ಬರುವುದುಂಟು: ಕಣ್ಣು ಚಲಿಸುತ್ತಿರುವೆನೆನ್ನುವುದು, ಕಿವಿಯೊಳಗಿನ ಸಮತೋಲನದ ಅಂಗವು ಕೂತಿರುವೆನೆನ್ನುವುದು, ಈ ಜಗಳದಲ್ಲಿ ಹೊಟ್ಟೆ ತೊಳಸುವುದು. ಮತ್ತು ಧರಿಸಿದವನು ಮನೆಯಲ್ಲಿದ್ದೂ ಮನೆಯವರಿಂದ ದೂರನಾಗುವನು.

ಇಷ್ಟನ್ನೂ ಕೂಡಿಸಿ ನೋಡಿದರೆ ನಮ್ಮ ಅಭಿಪ್ರಾಯವು ಇದು: ತಲೆಯ ಜಾಡು ಹಿಡಿಯುವ ಉಪಕರಣವು ಬೇರೆಯಾಗಿ ಕೊಳ್ಳತಕ್ಕ ಸಾಮಾನಾಗಿ ಪಡಸಾಲೆಯ ಬಹುಜನರಲ್ಲಿ ಗೆಲ್ಲುವ ಸಂಭವವು ಕಡಮೆ. ಮತ್ತೊಂದು ಸಾಧನದ ಒಳಗೆ ಅಡಗಿ, ಅದಕ್ಕೆ ಅನಿವಾರ್ಯವಾದ ಅಂಗವಾದಲ್ಲಿ ಮಾತ್ರ ಅದು ಬದುಕುವುದು.

ಆದರೆ ಬಹುಜನರ ಲೆಕ್ಕವೊಂದೇ ಲೆಕ್ಕವೆ? ಯಾರ ಕೈಗಳು ಆಡುವುದಿಲ್ಲವೋ, ಯಾರ ಹೆಬ್ಬೆರಳು ಕಡ್ಡಿಯನ್ನು ತಳ್ಳಲಾರದೋ ಅವರಿಗೆ ಮೇಲಿನ ಕಾರಣಗಳೆಲ್ಲವೂ ಗೌಣ. ಟ್ರ್ಯಾಕ್‌ಐಆರ್ ಮಾಡಿದ ಕಂಪೆನಿಯೇ ಅದೇ ವಿದ್ಯೆಯಿಂದ ಸ್ಮಾರ್ಟ್‌ನ್ಯಾವ್ ಎಂಬ ಸಾಧನವನ್ನು ಮಾಡಿ, ಕೈ ಸ್ವಾಧೀನವಿಲ್ಲದವರು ತಲೆಯಿಂದಲೇ ಕಂಪ್ಯೂಟರನ್ನು ನಡೆಸುವಂತೆ ಮಾಡಿತು. ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ ರಚಿತವಾದ ಕ್ಯಾಮೆರಾ ಮೌಸ್ ಎಂಬ ಏರ್ಪಾಟನ್ನು ಇಂಥವರಿಗೆ ಧರ್ಮಾರ್ಥವಾಗಿ ಕೊಡಲಾಯಿತು. ೨೦೨೩ರಲ್ಲಿ ಗೂಗಲ್ ಕಂಪೆನಿಯು ಗೇಮ್‌ಫೇಸ್ ಎಂಬ ಯೋಜನೆಯನ್ನು ಪ್ರಕಟಿಸಿತು. ಸಾಮಾನ್ಯ ಕ್ಯಾಮೆರಾದ ಮುಂದೆ ತಲೆಯಾಡಿಸಿ, ಹುಬ್ಬೇರಿಸಿ, ಬಾಯಿ ತೆರೆದು ಆಟವಾಡುವುದು ಇದರಿಂದ ಸಾಧ್ಯ. ಇವೆಲ್ಲವೂ ಕಂಪ್ಯೂಟರಿನ ಕಡೆಯವು. ಕನ್ಸೋಲಿನ ಕಡೆಯಲ್ಲಿ ಮೈಕ್ರೋಸಾಫ್ಟ್ ೨೦೧೮ರಲ್ಲಿಯೂ ಸೋನಿ ೨೦೨೩ರಲ್ಲಿಯೂ ಅಂಗವಿಕಲರಿಗೆಂದೇ ವಿಶೇಷವಾದ ಹಿಡಿಕೆಗಳನ್ನು ತಂದುವು. ಮೈಕ್ರೋಸಾಫ್ಟಿನ ಹಿಡಿಕೆಗೆ ಹೊರಗಿನ ಗುಂಡಿಗಳನ್ನು ಜೋಡಿಸಲು ೧೯ ಸಣ್ಣ ರಂಧ್ರಗಳಿವೆ. ಕುರ್ಚಿಯ ತಲೆದಿಂಬಿನ ಪಕ್ಕದಲ್ಲಿ ಇಟ್ಟ ಗುಂಡಿಯನ್ನು ತಲೆಯಿಂದ ಒತ್ತಿಯೂ ಆಡಬಹುದು. ಬಾಗಿಲು ತೆರೆದಿದೆ. ತಲೆಯ ಜಾಡು ಹಿಡಿಯುವ ಕ್ಯಾಮೆರಾವನ್ನೂ ಈ ಬಾಗಿಲಿನಿಂದ ಒಳಕ್ಕೆ ಕರೆದರೆ, ವಿನೋದಕ್ಕಾಗಿ ಮಾಡಿದುದು ಅವಶ್ಯಕತೆಯಾಗಿ ನೆಲೆಗೊಂಡೀತು.

ನಮ್ಮ ವಾಚಕರಿಗೆ ನಾವು ಹೇಳತಕ್ಕುದಿಷ್ಟೇ. ಅಂಗಡಿಯವನು ಇಂಥ ಉಪಕರಣವನ್ನು ತೋರಿಸಿದಾಗ ಮೂರು ಮಾತು ಕೇಳಿರಿ: ನಮ್ಮಲ್ಲಿರುವ ಯಂತ್ರಕ್ಕೆ ಇದು ಹೊಂದುವುದೇ? ಇದಿಲ್ಲದೆ ಆಡಲಾಗದ, ನಮಗೆ ಬೇಕಾದ ಆಟವು ಯಾವುದಿದೆ? ನಾವು ಕೂರುವಷ್ಟು ದೂರದಿಂದ ಇದು ಕೆಲಸ ಮಾಡುವುದನ್ನು ಕಣ್ಣಾರೆ ತೋರಿಸುವಿರಾ? ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಲೇಸು. ಆದರೆ ಮನೆಯಲ್ಲಿ ಕೈ ಸ್ವಾಧೀನವಿಲ್ಲದ ಒಂದು ಮಗುವಿದ್ದು, ಜೊತೆಯವರೊಡನೆ ಆಡಬೇಕೆಂದು ಹಂಬಲಿಸುತ್ತಿದ್ದರೆ, ಈ ಲೆಕ್ಕಾಚಾರವನ್ನು ಬದಿಗಿಟ್ಟು ಮೇಲೆ ಹೇಳಿದ ಸಾಧನಗಳನ್ನು ವಿಚಾರಿಸಿ ನೋಡಿರಿ. ಅಲ್ಲಿ ವ್ಯಯವಾದ ಹಣವು ವ್ಯರ್ಥವಾಗಲಾರದು.