ರಕ್ತ ನಿಂತರೆ ಕರುಳು ಮಾಯ್ದಿತೇ?

ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಇದ್ದವರಿಗೆ ಮಲದಲ್ಲಿ ರಕ್ತ ನಿಂತ ಕೂಡಲೇ ಗುಳಿಗೆ ಬಿಡುವ ಮನಸ್ಸಾಗುತ್ತದೆ. ನೋವಿಲ್ಲ, ರೊಟ್ಟಿ ಸೇರುತ್ತಿದೆ, ಇನ್ನೇಕೆ ಖರ್ಚು? ಆದರೆ ಲಕ್ಷಣ ಬೇಗ ಹೋಗುತ್ತದೆ, ಕರುಳಿನ ಹುಣ್ಣು ಮಾಯಲು ತಿಂಗಳುಗಳೇ ಬೇಕು. ಈ ನಡುವೆ ಔಷಧ ಬಿಟ್ಟರೆ ಕಾಯಿಲೆ ಮರಳುವ ಭಯ ಹೆಚ್ಚು.

ಹುಣ್ಣು ಮಾಯ್ದಿದ್ದನ್ನು ಕಣ್ಣಾರೆ ಕಾಣಲು ಕೊಲೊನೊಸ್ಕೋಪಿಯೇ ಬೇಕು. ಅದಕ್ಕೆ ಭೇದಿ ಔಷಧ ಕುಡಿದು ಕರುಳು ತೊಳೆದುಕೊಂಡು, ತೇರದಾಳದಂಥ ಊರಿನಿಂದ ಬಾಗಲಕೋಟೆಗೋ ಬೆಳಗಾವಿಗೋ ಮೀರಜಿಗೋ ಹೋಗಬೇಕು. ಮನೆಯವರೊಬ್ಬರು ಮಗ್ಗ ನಿಲ್ಲಿಸಿಯೋ ಕಬ್ಬಿನ ಕೆಲಸ ಬಿಟ್ಟೋ ಜೊತೆಗೆ ಬರಬೇಕು. ಮತ್ತೆ ಮತ್ತೆ ಆಗುವ ಮಾತಲ್ಲ ಇದು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ನೆರವಾಗುವುದು ಇಲ್ಲೇ.

ಕ್ಯಾಲ್‌ಪ್ರೊಟೆಕ್ಟಿನ್ ಎಂಬುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ತುಂಬಿರುವ ಪ್ರೊಟೀನು. ನಾರ್ವೆಯ ಮ್ಯಾಗ್ನೆ ಫಾಗರ್‌ಹೋಲ್ ಮತ್ತು ಸಂಗಡಿಗರು 1980ರಲ್ಲಿ ಇದನ್ನು ಗುರುತಿಸಿದರು. ಬ್ಯಾಕ್ಟೀರಿಯಾಗಳಿಗೆ ಬೇಕಾದ ಸತುವನ್ನು ಹಿಡಿದಿಟ್ಟು ಅವುಗಳನ್ನು ಉಪವಾಸ ಕೆಡವುವುದು ಇದರ ಕೆಲಸ. ಕರುಳಿನಲ್ಲಿ ಉರಿಯೂತವಿದ್ದಾಗ ಈ ಕಣಗಳು ಗೋಡೆ ದಾಟಿ ಮಲದಲ್ಲಿ ಸೇರುತ್ತವೆ. ಪ್ರೊಟೀನು ಬೇಗ ಕೆಡುವುದಿಲ್ಲ. ಹಾಗಾಗಿ ರೋಗಿ ಊರಲ್ಲೇ ಉಳಿದು, ಡಬ್ಬಿಯಲ್ಲಿ ಹಾಕಿದ ಮಾದರಿಯನ್ನಷ್ಟೇ ದೂರದ ಲ್ಯಾಬಿಗೆ ಕಳಿಸಬಹುದು.

ಒಂದು ಗ್ರಾಂ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. 250 ದಾಟಿದರೆ ಹುಣ್ಣು ಇನ್ನೂ ಇದೆಯೆಂಬ ಅನುಮಾನ ಬಲವಾಗುತ್ತದೆ. ಕೊಲೈಟಿಸ್‌ನಂತೆಯೇ ಕರುಳಿನ ಉರಿಯೂತದ ಕಾಯಿಲೆಯಾದ ಕ್ರೋನ್ಸ್‌ನ 244 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಲಕ್ಷಣಗಳ ಜೊತೆಗೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಅಂಶವನ್ನೂ ಉರಿಯೂತ ತೋರುವ ರಕ್ತದ ಸಿಆರ್‌ಪಿಯನ್ನೂ ನೋಡಿ ಔಷಧ ಹೆಚ್ಚಿಸಿದವರಲ್ಲಿ ಶೇ. 46 ಜನರ ಕರುಳು 48 ವಾರಗಳಲ್ಲಿ ಮಾಯ್ದಿತ್ತು. ಮುಖ್ಯವಾಗಿ ಲಕ್ಷಣಗಳನ್ನೇ ನಂಬಿದ ಗುಂಪಿನಲ್ಲಿ ಶೇ. 30.

ಆದರೂ ಒಂದೇ ಸಂಖ್ಯೆಯನ್ನು ತೀರ್ಪೆಂದು ಹಿಡಿಯಬಾರದು. ಆಮಶಂಕೆಯಲ್ಲೂ ಕರುಳಿನ ಕ್ಷಯದಲ್ಲೂ ಇದು ಏರುತ್ತದೆ. ಕೊಲೈಟಿಸ್‌ಗೆ ಕೀಲುನೋವೂ ಜೊತೆಯಾಗುವುದುಂಟು; ಅದಕ್ಕೆಂದು ನುಂಗಿದ ಡೈಕ್ಲೋಫಿನಾಕ್, ಐಬುಪ್ರೊಫೇನ್ ಕೂಡ ಸಂಖ್ಯೆಯನ್ನು ಏರಿಸುತ್ತವೆ. ಅಂಗಡಿಯಿಂದ ತಂದ ನೋವಿನ ಗುಳಿಗೆಯ ವಿಷಯವನ್ನು ವೈದ್ಯರಿಗೆ ಹೇಳದಿದ್ದರೆ ಮರಳಿರದ ಕಾಯಿಲೆಗೆ ಔಷಧ ಬಿದ್ದೀತು. ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಹಳೆಯ ವರದಿಗಳನ್ನು ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು. ಅಂಶ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಹೆಚ್ಚು ತಿಳಿಸುತ್ತದೆ.

ಮಲದ ಮಾತೆಂದು ನಾಚಬೇಡಿ. ಗುಳಿಗೆ ನಿಲ್ಲಿಸುವ ಮೊದಲು ಈ ಪರೀಕ್ಷೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.