ದಾಳಿಂಬೆಯ ಅಂಗಮಾರಿ: ಔಷಧಿಗಿಂತ ಕತ್ತರಿ ಮುಂದು

ದಾಳಿಂಬೆ ಎಲೆಯ ಮೇಲೆ ಕಪ್ಪು ಚುಕ್ಕೆ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. ಮೊದಲು ಆ ಎಲೆಯನ್ನು ಕಿತ್ತು ಬೆಳಗಿನ ಬಿಸಿಲಿಗೆ ಎದುರು ಹಿಡಿದು ನೋಡಿ. ಚುಕ್ಕೆ ಬೆಳಕನ್ನು ಪೂರ್ತಿ ತಡೆದು ಮಂಕಾಗಿಯೇ ಉಳಿದರೆ ಅದು ಬಹುತೇಕ ಶಿಲೀಂಧ್ರದ್ದು. ಚುಕ್ಕೆಯ ಅಂಚು ಎಣ್ಣೆ ಹೀರಿದ ಕಾಗದದಂತೆ ಕಂಡು, ಬೆಳಕು ಅದರೊಳಗಿಂದ ತೂರಿ ಬಂದು, ಸುತ್ತ ಹಳದಿ ಬಳೆ ಕಟ್ಟಿದ್ದರೆ ಅದು ದುಂಡಾಣು ಅಂಗಮಾರಿ. ಎರಡಕ್ಕೂ ಮದ್ದು ಬೇರೆ, ದಾರಿ ಬೇರೆ. ಶಿಲೀಂಧ್ರಕ್ಕೆ ಹೊಡೆಯುವ ಎಷ್ಟೋ ಔಷಧಿಗಳು ದುಂಡಾಣುವನ್ನು ಮುಟ್ಟುವುದೂ ಇಲ್ಲ. ಈ ಒಂದು ಪರೀಕ್ಷೆ ಮಾಡದೆ ಔಷಧಿ ಹೊಡೆದು ಹಾಳಾದ ಹಣ ನಮ್ಮ ಕಡೆ ಕಡಿಮೆಯಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸುತ್ತಿನ ಮಸಾರಿ ಮತ್ತು ಗರಸು ನೆಲಕ್ಕೆ ದಾಳಿಂಬೆ ಹೇಳಿ ಮಾಡಿಸಿದ ಬೆಳೆ. ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ದಾಟದ ಸೀಮೆ ಇದು. ಕಡಿಮೆ ನೀರಿನಲ್ಲಿ, ಡ್ರಿಪ್‌ನ ಹನಿಯಲ್ಲಿ ಬದುಕಿ, ಒಳ್ಳೆಯ ಬೆಲೆ ತರುವ ಹಣ್ಣು ಇಲ್ಲಿ ಬೇರೂರಿದ್ದು ಸಹಜ. ಗಣೇಶ್ ತಳಿ ಬಂತು, ಆಮೇಲೆ ಕೆಂಪು ಕಾಳಿನ ಭಗವಾ ಬಂತು. ಅದರ ಹಿಂದೆಯೇ ಅಂಗಮಾರಿಯೂ ಬಂತು.

ಈ ರೋಗ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಿಂದ. ಹಲವು ದಶಕ ಅದು ವಿಜ್ಞಾನಿಗಳ ಪುಸ್ತಕದಲ್ಲಷ್ಟೇ ಇದ್ದಂಥ ರೋಗ. ಕರ್ನಾಟಕದಲ್ಲಿ ಅದನ್ನು ಗುರುತಿಸಿದ್ದು 1990ರ ದಶಕದ ಆರಂಭದಲ್ಲಿ. 2000ದ ಈಚೆಗೆ ಕೊಪ್ಪಳ, ಬಳ್ಳಾರಿ, ಬಾಗಲಕೋಟೆ, ವಿಜಯಪುರದ ತೋಟಗಳಲ್ಲಿ ಅದು ಹರಡಿದ ಪರಿ ನೆನೆದರೆ ಈಗಲೂ ಸಂಕಟವಾಗುತ್ತದೆ. ಸಾಲ ಮಾಡಿ ಬೆಳೆಸಿದ ಗಿಡಗಳನ್ನು ಬೇರು ಸಮೇತ ಕಿತ್ತು ಬೆಂಕಿ ಹಚ್ಚಿದ ರೈತರಿದ್ದಾರೆ. ಮಹಾರಾಷ್ಟ್ರದಲ್ಲೂ ಇದೇ ಗೋಳು. ದಾಳಿಂಬೆಗಾಗಿಯೇ ಸೊಲ್ಲಾಪುರದಲ್ಲಿ 2005ರಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರ ಶುರುವಾಯಿತು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು.

ರೋಗ ತರುವ ಜೀವಿ ಕ್ಸಾಂಥೋಮೊನಾಸ್ ಕುಲದ ಒಂದು ಬ್ಯಾಕ್ಟೀರಿಯಾ. ಸಣ್ಣ ಕೋಲಿನ ಆಕಾರ, ಈಜಲು ಒಂದು ಬಾಲ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದರೆ ಹಳದಿ ಬಣ್ಣದ ಲೋಳೆ ಹನಿಗಳಂತೆ ಗುಂಪು ಕಟ್ಟುತ್ತದೆ. ಆ ಲೋಳೆ ಅದರ ಕವಚವೂ ಹೌದು. ಒಣ ಹವೆಯಲ್ಲಿ ಸಾಯದಂತೆ ಅದನ್ನು ಕಾಯುತ್ತದೆ, ಎಲೆಗೆ ಅಂಟಿಕೊಳ್ಳಲು ನೆರವಾಗುತ್ತದೆ. ಇದೇ ಕುಲದ ಇನ್ನೊಂದು ಜೀವಿ ಎಲೆಕೋಸಿಗೆ ಕಪ್ಪು ಕೊಳೆ ತರುತ್ತದೆ. ಅದರ ಲೋಳೆಯನ್ನು ಕಾರ್ಖಾನೆಯಲ್ಲಿ ತೆಗೆದು, ಒಣಗಿಸಿ, ಕ್ಸಾಂಥನ್ ಗಮ್ ಎಂಬ ಹೆಸರಿನಲ್ಲಿ ಐಸ್‌ಕ್ರೀಮ್, ಸಾಸ್‌ಗಳಿಗೆ ಗಟ್ಟಿತನ ಬರಲು ಬೆರೆಸುತ್ತಾರೆ. ಪೊಟ್ಟಣದ ಹಿಂಬದಿಯಲ್ಲಿ 415 ಎಂಬ ಸಂಖ್ಯೆ ಇದ್ದರೆ ಅದು ಇದೇ. ಗಿಡಕ್ಕೆ ರೋಗ ತರುವ ಈ ಕುಲದಿಂದ ಮನುಷ್ಯರಿಗೆ ರೋಗ ಬರುವುದಿಲ್ಲ. ಸಿಪ್ಪೆಯ ಮೇಲೆ ಅಂಗಮಾರಿ ಚುಕ್ಕೆ ಇದ್ದ ದಾಳಿಂಬೆಯ ಒಳಗಿನ ಕಾಳು ಕೊಳೆಯದೆ ಚೆನ್ನಾಗಿದ್ದರೆ ತಿನ್ನಲು ಏನೂ ತೊಂದರೆಯಿಲ್ಲ. ಕೊಳ್ಳುವವರು ಇದನ್ನು ತಿಳಿದುಕೊಂಡರೆ ಚುಕ್ಕೆ ಹಣ್ಣಿಗೂ ಒಂದಿಷ್ಟು ಬೆಲೆ ಸಿಕ್ಕೀತು.

ಈ ಜೀವಿಗೆ ಎಲೆಯ ಸಿಪ್ಪೆಯನ್ನು ಕೊರೆದು ಒಳಗೆ ಹೋಗುವ ಶಕ್ತಿಯಿಲ್ಲ. ತೆರೆದ ಬಾಗಿಲು ಬೇಕು. ಎಲೆ ಉಸಿರಾಡುವ ಪತ್ರರಂಧ್ರ ಒಂದು ಬಾಗಿಲು, ಗಾಯ ಇನ್ನೊಂದು. ದಾಳಿಂಬೆ ಗಿಡದಲ್ಲಿ ಮುಳ್ಳಿರುವುದು ಇಲ್ಲಿ ದೊಡ್ಡ ಸಂಗತಿ. ಗಾಳಿ ಬೀಸಿದಾಗ ಒಂದು ಟೊಂಗೆಯ ಮುಳ್ಳು ಪಕ್ಕದ ಎಲೆಯನ್ನು, ಕಾಯನ್ನು ಗೀರುತ್ತದೆ. ಅದರ ಮೇಲೆ ಮಳೆ ಹನಿ ಬಿದ್ದು ಸಿಡಿದರೆ, ರೋಗವಿರುವ ಎಲೆಯ ಮೇಲಿನ ಲಕ್ಷಾಂತರ ದುಂಡಾಣುಗಳು ಆ ತುಂತುರಿನಲ್ಲಿ ಕೂತು ಪಕ್ಕದ ಗಿಡದ ಗೀರಿಗೆ ಇಳಿಯುತ್ತವೆ. ಗಾಳಿ ಮತ್ತು ಮಳೆ ಒಟ್ಟಿಗೆ ಬಂದ ದಿನವೇ ಈ ರೋಗ ಹರಡಲು ಹೆಚ್ಚಿನ ಅವಕಾಶ. ಉಷ್ಣತೆ 30 ಡಿಗ್ರಿಯ ಆಸುಪಾಸು, ಗಾಳಿಯಲ್ಲಿ ತೇವ ಶೇಕಡಾ 80 ಮೀರಿ, ಮೋಡ ಕವಿದು ನಾಲ್ಕಾರು ದಿನ ನಿಂತರೆ ಅದಕ್ಕೆ ಹಬ್ಬ. ನಮ್ಮ ಕಡೆ ಹುಬ್ಬೆ, ಉತ್ತರೆ, ಹಸ್ತ ಮಳೆಗಳು ಹಿಡಿಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮೊದಲ ಭಾಗ ಸರಿಯಾಗಿ ಇಂಥದೇ ಹವೆ.

ಒಳಗೆ ಹೋದ ದುಂಡಾಣು ಸುಮ್ಮನೆ ಕೂತು ತಿನ್ನುವುದಿಲ್ಲ. ತನ್ನ ಮೈಮೇಲಿನ ಸೂಜಿಯಂಥ ರಚನೆಯಿಂದ ಗಿಡದ ಜೀವಕೋಶದೊಳಗೆ ಕೆಲವು ಪ್ರೋಟೀನುಗಳನ್ನು ತಳ್ಳುತ್ತದೆ. ಅವು ಗಿಡದ ರಕ್ಷಣಾ ವ್ಯವಸ್ಥೆಯನ್ನು ಮಂಕಾಗಿಸುತ್ತವೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಂಥ ಒಂದು ಪ್ರೋಟೀನಿನ ಜೀನನ್ನು ಕೆಡಿಸಿದಾಗ, ಅದೇ ದುಂಡಾಣು ದಾಳಿಂಬೆ ಎಲೆಯಲ್ಲಿ ಮೊದಲಿನಷ್ಟು ಬೆಳೆಯಲಾರದೆ ಹೋಯಿತು. ರೋಗಕ್ಕೆ ತಡೆ ಒಡ್ಡುವ ತಳಿ ಬೆಳೆಸುವವರಿಗೆ ಇದು ಬೆಲೆಬಾಳುವ ಸುಳಿವು.

ಎಲೆಯ ಚುಕ್ಕೆಗಿಂತ ಕಾಂಡದ ಗೆಣ್ಣಿನ ಮಚ್ಚೆ ಅಪಾಯಕಾರಿ. ಗೆಣ್ಣನ್ನು ಸುತ್ತುವರಿದು ಕಪ್ಪಾಗಿ, ಒಳಗೆ ತೂತು ಬಿದ್ದಂತಾಗಿ, ಕಾಯಿ ಹೊತ್ತ ಟೊಂಗೆ ಅಲ್ಲೇ ಮುರಿಯುತ್ತದೆ. ಕಾಯಿಯ ಮೇಲಿನ ಮಚ್ಚೆ ಒಡೆಯುವಾಗ ಮೂಲೆ ಮುರಿದಂತೆ ಅಥವಾ ಕವಲಾಗಿ ಬಿರಿಯುತ್ತದೆ. ನೀರು ಏರುಪೇರಾಗಿ ಒಡೆದ ಕಾಯಿಗೆ ಹೀಗೆ ಕಪ್ಪು ಮಚ್ಚೆ ಇರುವುದಿಲ್ಲ. ಅದನ್ನು ಕಂಡು ಅಂಗಮಾರಿ ಎಂದು ಬೆದರಬೇಕಿಲ್ಲ, ನೀರು ಸರಿಮಾಡಿದರೆ ಸಾಕು.

ಮಳೆ ನಿಂತು ಬಿಸಿಲು ಬಿದ್ದಾಗ ಈ ರೋಗ ಎಲ್ಲಿ ಅಡಗುತ್ತದೆ? ಉದುರಿದ ಎಲೆಯಲ್ಲಿ, ಒಣಗಿ ನೇತಾಡುವ ಕಾಯಿಯಲ್ಲಿ, ಗೆಣ್ಣಿನ ಹಳೆಯ ಗಾಯದಲ್ಲಿ. ಕಸದಲ್ಲಿ ಅದು ತಿಂಗಳುಗಟ್ಟಲೆ ಬದುಕಿರಬಲ್ಲದು. ನನ್ನ ಮಾತಿನ ತಿರುಳು ಇಷ್ಟೇ: ಅಂಗಮಾರಿಯನ್ನು ಗಿಡದೊಳಗೆ ಹುಡುಕಿ ಕೊಲ್ಲುವ ಔಷಧಿಯನ್ನು ನೆಚ್ಚಬೇಡಿ. ಹೊರಗೆ ಸಿಗುವ ಕಡೆ ಅದನ್ನು ಕತ್ತರಿಸಿ, ಸುಟ್ಟು, ಒಳಗೆ ಬರದಂತೆ ತಡೆಯುವುದೇ ಕೆಲಸ.

ಹಾಗಾಗಿ ಮೊದಲ ನಿರ್ಧಾರ ಬಹಾರಿನದು, ಅಂದರೆ ಯಾವ ಹಂಗಾಮಿನಲ್ಲಿ ಹೂ ಬಿಡಿಸಬೇಕು ಎಂಬುದು. ಜೂನ್–ಜುಲೈನಲ್ಲಿ ನೀರು ಕೊಟ್ಟು ಹೂ ಬಿಡಿಸುವ ಮೃಗ ಬಹಾರಿನಲ್ಲಿ ನೀರಿನ ಖರ್ಚು ಕಡಿಮೆ, ಆದರೆ ಎಳೆಯ ಎಲೆ, ಹೂವು, ಕಾಯಿ ಎಲ್ಲವೂ ಮಳೆಗೆ ಸಿಗುತ್ತವೆ. ಅಂಗಮಾರಿ ಇರುವ ತೋಟಕ್ಕೆ ಅದು ಸಲ್ಲದು. ಹಸ್ತ ಬಹಾರಿನಲ್ಲಿ ಕಾಯಿ ಬಲಿಯುವುದು ಚಳಿಗಾಲ ಮತ್ತು ಬೇಸಿಗೆಯ ಒಣ ಹವೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಮಳೆ ಅಕ್ಟೋಬರ್ ಮೊದಲ ಭಾಗದ ತನಕ ಜಗ್ಗುವುದರಿಂದ ಹಸ್ತವನ್ನು ತುಸು ತಡಮಾಡಿ, ಮಳೆ ತೆರವಾದ ಮೇಲೆ ಚಿಗುರು ಬಿಡಿಸುವುದು ಲೇಸು. ಇದಕ್ಕೆ ಮಾರ್ಚ್, ಏಪ್ರಿಲ್‌ವರೆಗೂ ನೀರು ಬೇಕು. ಕೊಳವೆಬಾವಿ ಆಗ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಕೈ ಹಾಕಬೇಕು. ಜನವರಿಯ ಅಂಬೆ ಬಹಾರೂ ಒಣ ಹವೆಯದೇ, ಆದರೆ ಕೊಯ್ಲಿನ ಹೊತ್ತಿಗೆ ಮುಂಗಾರು ಬಂದು ಕೂತಿರುತ್ತದೆ.

ಹಣ್ಣು ಕೊಯ್ದ ಕೂಡಲೇ ಚಾಟ್ನಿ, ಅಂದರೆ ಟೊಂಗೆ ಸವರುವ ಕೆಲಸ. ಕೊಯ್ಲು ಮುಗಿಯಿತೆಂದು ತೋಟವನ್ನು ಮರೆತು ಬಿಡುವ ರೂಢಿ ನಮ್ಮಲ್ಲಿದೆ, ರೋಗ ಉಳಿಯುವುದು ಅಲ್ಲೇ. ಮಚ್ಚೆಯಿರುವ ಟೊಂಗೆಯನ್ನು ಗಾಯದಿಂದ ಒಂದೆರಡು ಇಂಚು ಕೆಳಗೆ, ಒಳ್ಳೆಯ ಭಾಗದಲ್ಲಿ ಕತ್ತರಿಸಬೇಕು. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯ ಬಾಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಎರಡು ಕತ್ತರಿ ಇಟ್ಟುಕೊಂಡರೆ ಒಂದು ಅದ್ದಿರುವಾಗ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ, ಕೂಲಿಯವರಿಗೂ ಬೇಸರವಾಗುವುದಿಲ್ಲ. ಕತ್ತರಿಸಿದ ತುದಿಗೆ ಶೇಕಡಾ 10ರ ಬೋರ್ಡೋ ಮುಲಾಮು ಹಚ್ಚಿ. ಕತ್ತರಿಸಿದ ಟೊಂಗೆ, ಉದುರಿದ ಎಲೆ, ಒಣಗಿದ ಕಾಯಿ ಎಲ್ಲವನ್ನೂ ಗುಡಿಸಿ ತೋಟದ ಹೊರಗೆ ಸುಡಿ. ಬದುವಿಗೆ ಒಗೆದರೆ ಮುಂದಿನ ಮಳೆಗೆ ಅದು ವಾಪಸು ಬರುತ್ತದೆ. ಗಿಡದ ಬುಡದ ನೆಲಕ್ಕೆ ಬ್ಲೀಚಿಂಗ್ ಪುಡಿಯ ನೀರು ಸಿಂಪಡಿಸುವುದೂ ರೂಢಿಯಲ್ಲಿದೆ. ಆಮೇಲೆ ಮೂರು ನಾಲ್ಕು ತಿಂಗಳು ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಹಣದ ಒತ್ತಡಕ್ಕೆ ಒಂದರ ಹಿಂದೊಂದು ಬಹಾರು ಎಳೆದ ಗಿಡ ಸೊರಗಿ ಎಲ್ಲ ರೋಗಕ್ಕೂ ತುತ್ತಾಗುತ್ತದೆ. ಯೂರಿಯಾ ಹೆಚ್ಚಾಗಿ ಹಾಕಿ ಬರಿಸಿದ ಎಳೆ ಚಿಗುರೂ ಅಂಗಮಾರಿಗೆ ಬೇಗ ಬಲಿಯಾಗುತ್ತದೆ.

ಇನ್ನು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ದ್ರಾಕ್ಷಿಗೆ ಕಂಡುಹಿಡಿದ ಈ ಮದ್ದು ಇಂದಿಗೂ ನಂಬಿಕೆಯದು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣದ ಹರಳು, ಒಟ್ಟು 100 ಲೀಟರ್ ನೀರು. ಮೈಲುತುತ್ತವನ್ನು ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿನಲ್ಲಿ ಕರಗಿಸಿ. ಸುಣ್ಣವನ್ನು ಇನ್ನೊಂದರಲ್ಲಿ ಅರಳಿಸಿ, ಸೋಸಿ, 50 ಲೀಟರ್ ಮಾಡಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕಟ್ಟಿಗೆಯಿಂದ ತಿರುವಿ. ಕಬ್ಬಿಣದ ಪಾತ್ರೆ ಬೇಡ. ತಯಾರಾದ ಮೇಲೆ ಉಜ್ಜಿ ಹೊಳಪಾಗಿಸಿದ ಕುಡುಗೋಲನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಕೆಂಪು ಕೂರದವರೆಗೆ ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಬೇಕು, ಮರುದಿನಕ್ಕೆ ಅದರ ಕಸುವು ಹೋಗುತ್ತದೆ. ತಾಮ್ರ ಎಲೆಯ ಮೇಲೆ ಪದರವಾಗಿ ಕೂತು, ಅಲ್ಲಿಗೆ ಬಂದ ದುಂಡಾಣುವನ್ನು ಒಳಹೋಗುವ ಮೊದಲೇ ಕೊಲ್ಲುತ್ತದೆ. ಒಳಗೆ ಸೇರಿದ ಮೇಲೆ ಅದಕ್ಕೆ ಎಟುಕುವುದಿಲ್ಲ. ಆದ್ದರಿಂದ ಮಳೆಗೆ ಮುಂಚೆ ಹೊಡೆದದ್ದೇ ಕೆಲಸಕ್ಕೆ ಬರುವುದು.

ಈಗ 6 ಗ್ರಾಂನ ಆ ಪುಟ್ಟ ಪ್ಯಾಕೆಟ್ಟಿನ ಮಾತು. ಸ್ಟ್ರೆಪ್ಟೋಸೈಕ್ಲಿನ್ ಎಂದು ಎಲ್ಲ ಅಂಗಡಿಯಲ್ಲೂ ಸಿಗುತ್ತಿದ್ದ ಈ ಪುಡಿಯಲ್ಲಿ ಇರುವುದು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧಿಗಳು. ಸ್ಟ್ರೆಪ್ಟೋಮೈಸಿನ್ ಹುಟ್ಟಿದ್ದೇ ಮಣ್ಣಿನಿಂದ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಅದನ್ನು ತೆಗೆದರು. ಕ್ಷಯ ಹಿಡಿದವರಿಗೆ ಜೀವ ಕೊಟ್ಟ ಮೊದಲ ಔಷಧಿ ಅದು. ಬೇರೆ ಔಷಧಿಗೆ ಬಗ್ಗದ ಕ್ಷಯಕ್ಕೆ ಇಂದೂ ಅದು ವೈದ್ಯರ ಕೈಯಲ್ಲಿರುವ ಒಂದು ಆಯುಧ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ನಮ್ಮ ದೇಶದಲ್ಲಿದ್ದಾರೆ.

ಇಂಥ ಔಷಧಿಯನ್ನು ಪಂಪಿನಲ್ಲಿ ತುಂಬಿ ಮತ್ತೆ ಮತ್ತೆ ತೋಟಕ್ಕೆ ಹೊಡೆದರೆ ಸಾಯದೆ ಉಳಿದ ಕೆಲವು ದುಂಡಾಣುಗಳೇ ಮುಂದೆ ಬೆಳೆಯುತ್ತವೆ. ಅಮೆರಿಕದ ಸೇಬು, ಪಿಯರ್ ತೋಟಗಳಲ್ಲಿ ಬೆಂಕಿರೋಗದ ದುಂಡಾಣು 1970ರ ದಶಕದಲ್ಲೇ ಸ್ಟ್ರೆಪ್ಟೋಮೈಸಿನ್‌ಗೆ ಜಗ್ಗದಂತಾಯಿತು. ಈ ನಿರೋಧದ ಜೀನುಗಳು ಒಂದೇ ಜಾತಿಯಲ್ಲಿ ಉಳಿಯುವುದಿಲ್ಲ. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ. ಗಿಡದ ರೋಗಾಣುಗಳಲ್ಲಿರುವ ಇಂಥ ಜೀನುಗಳೇ ಮನುಷ್ಯರ, ದನಗಳ ಬ್ಯಾಕ್ಟೀರಿಯಾಗಳಲ್ಲೂ ಸಿಕ್ಕಿವೆ. ಹೊಡೆದ ಔಷಧಿ ಇಳಿಯುವುದು ನೆಲಕ್ಕೆ, ನೆಲದಲ್ಲಿ ಕೋಟ್ಯಂತರ ಜೀವಿಗಳಿವೆ. ಈ ಪುಡಿಗೆ ನೋಂದಣಿ ಇದ್ದ ಬೆಳೆಗಳು ಎಂಟು: ಸೇಬು, ಬೀನ್ಸ್, ನಿಂಬೆ ಜಾತಿ, ಆಲೂಗಡ್ಡೆ, ತಂಬಾಕು, ಟೊಮೆಟೊ, ಭತ್ತ, ಚಹಾ. ದಾಳಿಂಬೆ ಆ ಪಟ್ಟಿಯಲ್ಲಿ ಇರಲೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಬೆಳೆಗಳಿಗೆ ಈ ಎರಡು ಔಷಧಿಗಳ ಬಳಕೆಯನ್ನು ನಿಲ್ಲಿಸುವ ಕರಡು ಆದೇಶ ಹೊರಡಿಸಿತು. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ, ದಾಳಿಂಬೆಗೆ ಈ ಪುಡಿ ಹೊಡೆಯಬಾರದು.

ಮುಂದೇನು ಎಂಬ ಹುಡುಕಾಟ ಹಲವು ಕಡೆ ನಡೆದಿದೆ. ಸೂಡೊಮೊನಾಸ್, ಬ್ಯಾಸಿಲಸ್‌ನಂಥ ಒಳ್ಳೆಯ ಬ್ಯಾಕ್ಟೀರಿಯಾಗಳು ಎಲೆಯ ಮೇಲಿನ ಜಾಗವನ್ನು ಮೊದಲೇ ಹಿಡಿದು, ಗಿಡದ ರಕ್ಷಣೆಯನ್ನು ಎಚ್ಚರಿಸುತ್ತವೆ. ತಾಮ್ರ ಹೊಡೆದ ಬೆನ್ನಲ್ಲೇ ಇವನ್ನು ಹೊಡೆದರೆ ಇವೂ ಸಾಯುತ್ತವೆ, ನಡುವೆ ದಿನಗಳ ಅಂತರ ಬೇಕು. ದುಂಡಾಣುವನ್ನೇ ತಿನ್ನುವ ಫೇಜ್ ಎಂಬ ವೈರಸ್ಸುಗಳನ್ನು ಟೊಮೆಟೊದ ಕ್ಸಾಂಥೋಮೊನಾಸ್ ವಿರುದ್ಧ ಬಳಸಲು ಅಮೆರಿಕದಲ್ಲಿ 2005ರಲ್ಲೇ ಪರವಾನಗಿ ಸಿಕ್ಕಿದೆ. ಬಿಸಿಲಿಗೆ ಬೇಗ ಸಾಯುವುದರಿಂದ ಅವನ್ನು ಸಂಜೆ ಹೊಡೆಯಬೇಕು. ಹಿಮಾಲಯದ ಇಳಿಜಾರಿನ ದಾರು ಎಂಬ ಹುಳಿ ಕಾಡು ದಾಳಿಂಬೆಯ ತಾಳಿಕೆಯನ್ನು ಸಿಹಿ ತಳಿಗೆ ತರುವ ಯತ್ನವೂ ಇದೆ. ಆದರೆ ಪೂರ್ತಿ ರೋಗ ತಡೆಯುವ ಭಗವಾದಂಥ ಹಣ್ಣು ರೈತರ ಕೈಗೆ ಇನ್ನೂ ಬಂದಿಲ್ಲ.

ಹೊಸದಾಗಿ ತೋಟ ಹಾಕುವವರಿಗೆ ಒಂದು ಮಾತು. ಈ ರೋಗ ಊರಿಂದ ಊರಿಗೆ ದಾಟುವುದು ಹೆಚ್ಚಾಗಿ ಗೂಟಿ ಸಸಿಯ ಮೇಲೆ ಕೂತು. ರೋಗದ ತಾಯಿಗಿಡದಿಂದ ಕಟ್ಟಿದ ಗೂಟಿ ನೋಡಲು ಹಸಿರಾಗಿದ್ದರೂ ಗೆಣ್ಣಿನೊಳಗೆ ದುಂಡಾಣು ಹೊತ್ತಿರುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಗಾಡಿಯಲ್ಲಿ ಬಂದ ಸಸಿ ಕೊಳ್ಳಬೇಡಿ. ನರ್ಸರಿಗೆ ಹೋಗಿ ತಾಯಿಗಿಡವನ್ನು, ಸಾಧ್ಯವಾದರೆ ಮಳೆಗಾಲದಲ್ಲಿ, ಕಣ್ಣಾರೆ ನೋಡಿ. ಎಲೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ. ಅನುಮಾನವಿದ್ದರೆ ಚುಕ್ಕೆಯ ಎಲೆಗಳನ್ನು ಒಣ ಕಾಗದದಲ್ಲಿ ಸುತ್ತಿ ಬಾಗಲಕೋಟೆ ನವನಗರದ ಉದ್ಯಾನಗಿರಿಯಲ್ಲಿರುವ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ. ಬಂದ ಮೇಲೆ ಕೈಕಾಲು ತೊಳೆದುಕೊಂಡೇ ನಿಮ್ಮ ತೋಟಕ್ಕೆ ಇಳಿಯಿರಿ. ಪಕ್ಕದ ಹೊಲದವರಿಗೂ ಇದನ್ನು ಹೇಳಿ, ಯಾಕೆಂದರೆ ಅವರ ಬದುವಿನ ಕಸದಿಂದ ಸಿಡಿದ ಹನಿ ನಿಮ್ಮ ಗಿಡಕ್ಕೂ ಬೀಳುತ್ತದೆ.