ಹಳೆಯ ಜಾಲ ನಿಲ್ಲುವ ಮುನ್ನ

ರಾಯಚೂರಿನ ದಕ್ಷಿಣಕ್ಕೆ, ತುಂಗಭದ್ರೆಯ ದಿಕ್ಕಿಗೆ ಇರುವ ಗಿಲ್ಲೆಸುಗೂರಿನ ಸೀಮೆಯಲ್ಲಿ ತ್ರೀಫೇಸ್ ಕರೆಂಟು ಬರುವ ಹೊತ್ತು ರೈತನ ನಿದ್ರೆಯನ್ನು ಲೆಕ್ಕಿಸುವಂಥದಲ್ಲ. ನಡುರಾತ್ರಿಯಲ್ಲಿ ಬ್ಯಾಟರಿ ಹಿಡಿದು, ಹಾವು ಚೇಳುಗಳ ಭಯವನ್ನು ನುಂಗಿಕೊಂಡು, ಬದುವಿನ ಮೇಲೆ ನಡೆದುಹೋಗಿ ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತಬೇಕಾಗಿದ್ದ ಆ ಕಷ್ಟವನ್ನು ಹಲವು ಮನೆಗಳಿಂದ ನೀಗಿಸಿದುದು ಒಂದು ಸಣ್ಣ ಡಬ್ಬಿ. ಅದರೊಳಗೆ ಒಂದು ಸಿಮ್ ಇರುತ್ತದೆ. ಮನೆಯ ಮಂಚದ ಮೇಲಿಂದಲೇ ಆ ಸಂಖ್ಯೆಗೆ ಕರೆಮಾಡಿ, ಅದು ಹೇಳಿದ ಅಂಕಿಯನ್ನು ಒತ್ತಿದೊಡನೆ ದೂರದ ಹೊಲದಲ್ಲಿ ಮೋಟರು ನಡೆಯತೊಡಗುತ್ತದೆ. ಇಂತಹ ಡಬ್ಬಿಗಳಲ್ಲಿ ಬಹಳಷ್ಟು, ಕಡಿಮೆ ಬೆಲೆಗೆ ದೊರೆಯಲೆಂದು, ಎರಡನೆಯ ತಲೆಮಾರಿನ ಜಾಲವನ್ನು, ಅಂದರೆ 2ಜಿಯನ್ನು ಮಾತ್ರ ಬಲ್ಲವಾಗಿವೆ. ಆ ಜಾಲವು ಒಂದು ದಿನ ನಿಂತುಹೋದರೆ ಡಬ್ಬಿ ಕೆಡುವುದಿಲ್ಲ, ಅದರ ದೀಪವೂ ಆರುವುದಿಲ್ಲ. ಕರೆ ಮಾತ್ರ ಮುಟ್ಟುವುದಿಲ್ಲ. "ತಮ್ಮಾ, ನಿನ್ನೆತನಾ ಚಲೋ ಇತ್ತು, ಇವತ್ತು ಏನಾಗ್ಯಾದ ಇದಕ್ಕ?" ಎಂದು ಅಂಗಡಿಯವನನ್ನು ಕೇಳುವ ಹೊತ್ತಿಗೆ ಮಡಿಯ ನೀರು ಇಂಗಿಹೋಗಿರುತ್ತದೆ.

ಚೆನ್ನಾಗಿ ನಡೆಯುತ್ತಿರುವ ಜಾಲವನ್ನು ಮುಚ್ಚುವುದೇಕೆಂಬ ಪ್ರಶ್ನೆ ಸಹಜವಾದುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಬೇಸಾಯ ಮಾಡುವವರಿಗೆ ನೀರಿನ ಪಾಲೆಂದರೇನೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಆಕಾಶದಲ್ಲಿ ಹರಿಯುವ ತರಂಗಾಂತರವೂ ಅಂತಹುದೇ ಒಂದು ಮಿತವಾದ ಪಾಲು. ಒಂದು ಸಂಸ್ಥೆಯು ಸರ್ಕಾರದಿಂದ ಹರಾಜಿನಲ್ಲಿ ಪಡೆದ ತರಂಗಾಂತರದ ಒಂದಂಶವನ್ನು ಹಳೆಯ ತಲೆಮಾರಿಗೆ ಮೀಸಲಿಟ್ಟಷ್ಟು ಕಾಲವೂ ಆ ಅಂಶವು ಹೊಸದಕ್ಕೆ ದಕ್ಕದು. ಅಷ್ಟೇ ಅಗಲದ ಪಾಲಿನಲ್ಲಿ 4ಜಿಯು ಅನೇಕ ಪಟ್ಟು ಹೆಚ್ಚು ಮಾಹಿತಿಯನ್ನು ಸಾಗಿಸಬಲ್ಲುದಾದುದರಿಂದ, ಹಳೆಯ ಬಳಕೆದಾರರು ವಿರಳವಾದಂತೆಲ್ಲ ಸಂಸ್ಥೆಗಳ ದೃಷ್ಟಿ ಆ ಪಾಲಿನ ಮೇಲೆ ಬೀಳುತ್ತದೆ. 2013ರ ಜುಲೈ 14ರಂದು ನಮ್ಮ ದೇಶದ ತಂತಿ ಸೇವೆಯು ಮುಕ್ತಾಯಗೊಂಡಾಗ ಜನರು ಮರುಗಿದರಾದರೂ ಯಾರ ಮನೆಯ ಯಾವ ವಸ್ತುವೂ ನಿರುಪಯುಕ್ತವಾಗಲಿಲ್ಲ, ಏಕೆಂದರೆ ತಂತಿಯ ಯಂತ್ರವಿದ್ದುದು ಕಚೇರಿಯಲ್ಲಿ. ಈಗಿನ ಯಂತ್ರವಾದರೋ ನಮ್ಮ ಕಿಸೆಯಲ್ಲಿದೆ, ನಮ್ಮ ಹೊಲದಲ್ಲಿದೆ. ಆದಕಾರಣ ಸಿದ್ಧತೆಯ ಭಾರವೂ ನಮ್ಮ ಮೇಲೆಯೇ ಬಿದ್ದಿದೆ.

ನಮ್ಮಲ್ಲಿ ಮೊದಲು ಹಿಂದೆ ಸರಿದುದು ನಡುವಿನ ತಲೆಮಾರಾದ 3ಜಿ. ಏರ್‌ಟೆಲ್ ಸಂಸ್ಥೆಯು 2019ರಲ್ಲಿ ಕೋಲ್ಕತ್ತಾದಿಂದ ಆರಂಭಿಸಿ ಅದನ್ನು ಒಂದೊಂದೇ ವಲಯದಲ್ಲಿ ನಿಲ್ಲಿಸಿತು, ಆದರೆ 2ಜಿಯನ್ನು ಸಾದಾ ಫೋನುಗಳಿಗಾಗಿ ಉಳಿಸಿಕೊಂಡಿತು. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ಜಿಯೋಗೆ ಹಳೆಯ ಜಾಲವೇ ಇರಲಿಲ್ಲ; ದೇಶವು 2ಜಿಯಿಂದ ಮುಕ್ತವಾಗಬೇಕೆಂದು ಆ ಸಂಸ್ಥೆ ಬಹಿರಂಗವಾಗಿಯೇ ವಾದಿಸುತ್ತ ಬಂದಿದೆ. ಪರದೇಶಗಳು ಇನ್ನೂ ಮುಂದೆ ಹೋಗಿವೆ. ಅಮೆರಿಕೆಯ ಎಟಿ ಅಂಡ್ ಟಿ ಸಂಸ್ಥೆಯು 2022ರ ಫೆಬ್ರವರಿಯಲ್ಲಿ 3ಜಿಯನ್ನು ನಿಲ್ಲಿಸಿತು; ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ನಮ್ಮ ಹಿರಿಯರು ಊರಿನ ಫೋನನ್ನೇ ಒಯ್ಯುವುದಾದರೆ, ಅದು ಅಲ್ಲಿಯ 4ಜಿ ಜಾಲದಲ್ಲಿ ಮಾತನಾಡಬಲ್ಲುದೇ ಎಂದು ಹೊರಡುವ ಮೊದಲೇ ಮಕ್ಕಳಿಂದ ವಿಚಾರಿಸಿಕೊಳ್ಳುವುದೊಳಿತು. ಆಸ್ಟ್ರೇಲಿಯದಲ್ಲಿ ಉಳಿದಿದ್ದ 3ಜಿ ಜಾಲಗಳನ್ನು 2024ರ ಅಕ್ಟೋಬರ್ 28ರಿಂದ ಮುಚ್ಚತೊಡಗುವ ಮೊದಲೇ ಒಂದು ಸೂಕ್ಷ್ಮವಾದ ಅಪಾಯವು ಬೆಳಕಿಗೆ ಬಂದಿತ್ತು: ಕೆಲವು ಫೋನುಗಳು ನಿತ್ಯದ ಕರೆಯನ್ನು 4ಜಿಯಲ್ಲಿ ಮಾಡಬಲ್ಲವಾಗಿದ್ದರೂ ತುರ್ತುಕರೆಯನ್ನು ಮಾತ್ರ 3ಜಿಯ ಮೂಲಕವೇ ಕಳುಹಿಸುತ್ತಿದ್ದುವು. ಪ್ರಾಣಾಪಾಯದ ಗಳಿಗೆಯಲ್ಲಿ ಮೂಕವಾಗುವ ಅಂತಹ ಫೋನುಗಳನ್ನು ಜಾಲದಿಂದಲೇ ಹೊರಗಿಡಬೇಕೆಂದು ಅಲ್ಲಿಯ ಸರ್ಕಾರವು ವಿಧಿಸಬೇಕಾಯಿತು.

ಇದರಿಂದ ನಾವು ಗ್ರಹಿಸಬೇಕಾದುದೇನೆಂದರೆ, ಪರದೆಯ ಮೇಲಂಚಿನಲ್ಲಿ 4ಜಿ ಎಂದು ಕಂಡಮಾತ್ರಕ್ಕೆ ನಿಶ್ಚಿಂತರಾಗಲಾಗದು. ಇಂಟರ್‌ನೆಟ್ಟಿಗೆ 4ಜಿಯನ್ನೂ ಮಾತಿಗೆ ಹಳೆಯ ಜಾಲವನ್ನೂ ಬಳಸುವ ಫೋನುಗಳುಂಟು. ಪರೀಕ್ಷೆಯು ಸುಲಭವಾದುದು: ಯಾರಿಗಾದರೂ ಕರೆಮಾಡಿ, ಅವರು ಮಾತನಾಡುತ್ತಿರುವಾಗಲೇ ಫೋನನ್ನು ಕಿವಿಯಿಂದ ಕೆಳಗಿಳಿಸಿ ಆ ಮೇಲಂಚನ್ನು ನೋಡಿ. 4ಜಿ ಎಂಬ ಗುರುತು ಹಾಗೆಯೇ ನಿಂತಿದ್ದರೆ ಮಾತು ಹೊಸ ದಾರಿಯಲ್ಲಿ ಸಾಗುತ್ತಿದೆ. ಅದು ಮಾಯವಾಗಿ 2ಜಿ ಎಂದೋ 'ಇ' ಅಥವಾ 'ಎಚ್' ಎಂಬ ಅಕ್ಷರವೋ ಮೂಡಿದರೆ ಹಳೆಯ ದಾರಿಗಿಳಿದಿದೆ. ಆಗ ಸೆಟ್ಟಿಂಗ್ಸ್ ಒಳಗೆ ಮೊಬೈಲ್ ನೆಟ್‌ವರ್ಕ್ ಎಂಬಲ್ಲಿ ವೋಲ್ಟಿ (VoLTE), ಅಂದರೆ 4ಜಿಯಲ್ಲಿಯೇ ಮಾತು ಸಾಗಿಸುವ ವ್ಯವಸ್ಥೆ, ಎಂಬುದನ್ನು ಆನ್ ಮಾಡಿ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು. 5ಜಿ ಫೋನು ಮಾತಿನ ವೇಳೆಗೆ 4ಜಿಗೆ ಇಳಿದರೆ ಅದು ದೋಷವಲ್ಲ.

ಬಟನ್ ಫೋನಿನಲ್ಲಿ ಹೀಗೆ ಆನ್ ಮಾಡಲು ಏನೂ ಇರದಿರಬಹುದು. 2ಜಿಗೆಂದೇ ಹುಟ್ಟಿದುದನ್ನು ಬದಲಿಸದೆ ಗತ್ಯಂತರವಿಲ್ಲ. ಬಟನ್ನೇ ಬೇಕೆನ್ನುವ ಹಿರಿಯರ ಕೈಗೆ ಟಚ್ ಮೊಬೈಲನ್ನು ಒತ್ತಾಯದಿಂದ ತುರುಕುವುದು ನನಗೆ ಸರಿತೋರದು, ಅದು ಅನಗತ್ಯವೂ ಹೌದು: 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಮೊದಲಾಗಿ 4ಜಿಯ ಬಟನ್ ಫೋನುಗಳೂ ದೊರೆಯುತ್ತವೆ. ಆದರೆ ಅಂತಹ ಕೆಲವು ಒಂದೇ ಸಂಸ್ಥೆಯ ಸಿಮ್ಮಿಗೆ ಬದ್ಧವಾಗಿರುತ್ತವೆಯೆಂಬುದನ್ನು ಕೊಳ್ಳುವಾಗಲೇ ಕೇಳಿ ತಿಳಿಯಬೇಕು.

ಹೊಲದ ಡಬ್ಬಿಯ ವಿಷಯದಲ್ಲಿ, ಅದರ ಮೇಲಿನ ಚೀಟಿಯಲ್ಲಿ ಬರೆದ ಮಾದರಿಯ ಹೆಸರನ್ನು ಫೋಟೋ ಹಿಡಿದು ಮಾರಿದವರಿಗೆ ತೋರಿಸಿ, ಒಳಗಿನ ಮೋಡೆಮ್ ಎಷ್ಟನೆಯ ತಲೆಮಾರಿನದು, ಅದೊಂದನ್ನೇ ಬದಲಿಸಬಹುದೇ ಅಥವಾ ಇಡೀ ಡಬ್ಬಿಯನ್ನೇ ಬದಲಿಸಬೇಕೇ ಎಂದು ವಿಚಾರಿಸುವುದು ಯುಕ್ತ. ಈ ಕೆಲಸವನ್ನು ಬೆಳೆ ನಿಂತಿಲ್ಲದ ಕಾಲದಲ್ಲಿ ಮಾಡಿಕೊಳ್ಳಬೇಕು. ಕೈಯಿಂದ ಮೋಟರು ನಡೆಸುವ ಗುಂಡಿ ಸುಸ್ಥಿತಿಯಲ್ಲಿದೆಯೇ ಎಂಬುದನ್ನೂ ಅಂದೇ ನೋಡಿಕೊಳ್ಳಬೇಕು. ಅಂಗಡಿಯ ಸೌಂಡ್ ಬಾಕ್ಸ್, ಸ್ವೈಪ್ ಯಂತ್ರ, ಟ್ರ್ಯಾಕ್ಟರಿನ ಜಿಪಿಎಸ್ ಇವುಗಳೊಳಗೂ ಸಿಮ್ ಅಡಗಿರುತ್ತದೆ; ಅವುಗಳ ವಿಷಯವನ್ನೂ ಹೀಗೆಯೇ ವಿಚಾರಿಸಿಕೊಳ್ಳಬೇಕು.

ಇನ್ನು ಸಿಮ್. ಬಹಳ ಹಳೆಯ ಸಿಮ್ ಹೊಸ ಜಾಲಕ್ಕೆ ಒಗ್ಗದಿದ್ದರೆ ಆಧಾರ್ ಕಾರ್ಡಿನೊಡನೆ ಸ್ವತಃ ಸಂಸ್ಥೆಯ ಕೇಂದ್ರಕ್ಕೆ ಹೋಗಿ ಬದಲಿಸಿಕೊಳ್ಳಬಹುದು, ಸಂಖ್ಯೆ ಬದಲಾಗುವುದಿಲ್ಲ. "ನಿಮ್ಮ ಸಿಮ್ ಬಂದ್ ಆಗುತ್ತದೆ, ಓಟಿಪಿ ಹೇಳಿ" ಎಂದು ಕರೆಮಾಡುವವನು ವಂಚಕನೇ ಹೊರತು ಬೇರಲ್ಲ. ಸಿಮ್ ಬದಲಿಸಿದ ಮೇಲೆ 24 ಗಂಟೆಗಳ ಕಾಲ ಎಸ್ಸೆಮ್ಮೆಸ್ಸನ್ನು ತಡೆಹಿಡಿಯುವ ನಿಯಮವಿರುವುದರಿಂದ, ಬ್ಯಾಂಕಿನ ಕೆಲಸವಿರುವ ದಿನ ಇದಕ್ಕೆ ಕೈಹಾಕಬಾರದು. ಹಳೆಯ ಫೋನುಗಳಲ್ಲಿ ಹೆಸರುಗಳೆಲ್ಲ ಸಿಮ್ಮಿನೊಳಗೇ ಕುಳಿತಿರುವುದುಂಟು. ಅವನ್ನು ಮೊದಲು ಹೊಸ ಫೋನಿಗೆ ಇಳಿಸಿಕೊಂಡು ಬಳಿಕ ಸಿಮ್ಮನ್ನು ಒಪ್ಪಿಸಬೇಕು.

ಓದುಬರಹ ಬಾರದ ಅಜ್ಜಿಗೆ ಆ ಹೆಸರುಗಳ ಪಟ್ಟಿಯಿಂದ ಪ್ರಯೋಜನವಿಲ್ಲ. ಆಕೆ ಬಲ್ಲುದು, ಎರಡನ್ನು ಒತ್ತಿ ಹಿಡಿದರೆ ಬೆಂಗಳೂರಿನ ಹಿರಿಮಗ, ಮೂರನ್ನು ಒತ್ತಿ ಹಿಡಿದರೆ ಮಾನ್ವಿಗೆ ಕೊಟ್ಟ ಮಗಳು, ಎಂಬಷ್ಟನ್ನೇ. ಹೊಸ ಫೋನಿನಲ್ಲಿಯೂ ಎರಡಕ್ಕೆ ಮಗನನ್ನೂ ಮೂರಕ್ಕೆ ಮಗಳನ್ನೂ ಅದೇ ಕ್ರಮದಲ್ಲಿ ಕೂರಿಸಿ, ಆಕೆಯ ಬೆರಳಿನಿಂದಲೇ ಒಮ್ಮೆ ಒತ್ತಿಸಿ, ಅತ್ತಲಿಂದ ಮಗಳು "ಹೇಳವ್ವಾ" ಎಂದುದನ್ನು ಆಕೆ ಕೇಳಿಸಿಕೊಂಡ ಮೇಲೆಯೇ ಹಳೆಯ ಫೋನನ್ನು ಎತ್ತಿಡಿರಿ.